ಡಾರ್ಕ್ ಸರಣಿಯ 33 ವರ್ಷದ ನಿಯಮ ಎಲ್ಲಿ ತನಕ ಹಿಡೀತದ? ಮೂರೂ ಸೀಸನ್‌ನ ಗುಟ್ಟು ಒಳಗದ, ನೋಡದವರು ಓದಬ್ಯಾಡ್ರಿ

ತೊಗರಿನಾಡು, ಕಲಬುರಗಿ — ಪ್ರಶ್ನೆ

ಎಲ್ಲರಿಗೂ ನಮಸ್ಕಾರ್ರಿ. ಜರ್ಮನ್ ಸರಣಿ ಡಾರ್ಕ್‌ನ ಮೂರು ಸೀಸನ್, 26 ಸಂಚಿಕೆ ಪೂರಾ ನೋಡಿದವರಷ್ಟೇ ಮುಂದ ಬರ್ರಿ. ಕಡೀ ಸಂಚಿಕೆ ತನಕ ಎಲ್ಲಾ ಬಿಚ್ಚಿ ಬರದೀನಿ.

ಕಲಬುರಗಿ ಒಳಗ ನಾವು ಆರು ಮಂದಿ ಕೂಡಿ ವಿಂಡನ್ ಊರಿನ ಕಾಲಪ್ರಯಾಣದ ನಿಯಮಗಳ ಚಾರ್ಟ್ ಮಾಡ್ಲಿಕತ್ತೀವಿ. ಇಲ್ಲಿ ತನಕ ನಾಲ್ಕು ನಿಯಮ ಬರದೀವಿ. ಒಂದು, ಯಾರೇ ಹೋದ್ರೂ 33 ವರ್ಷ ಹಿಂದ ಇಲ್ಲಾ 33 ವರ್ಷ ಮುಂದ ಹೋಗ್ತಾರ. ಎರಡು, ಆಗಿಹೋದದ್ದನ್ನ ಬದಲಿಸ್ಲಿಕ್ಕ ಆಗಲ್ಲ. ಮೂರು, ವಯಸ್ಸಾದ ನೀವು ಎಲ್ಲೋ ಒಂದು ಕಾಲದಾಗ ಬದುಕಿದ್ರ ಈಗಿನ ನೀವು ಸಾಯಂಗಿಲ್ಲ. ನಾಲ್ಕು, ಹುಟ್ಟೇ ಇಲ್ಲದ ವಸ್ತು ಇರಬಹುದು. ಅಂದ್ರ ಮುಂದಿನಿಂದ ಹಿಂದಕ್ಕ ಬಂದು, ಅಲ್ಲಿಂದ ಮತ್ತ ಮುಂದಕ್ಕ ಹೋಗೋದು.

ತೊಡಕು ಎಲ್ಲಿ ಬಂತಂದ್ರ, ಮೊದಲನೇ ನಿಯಮ ಎರಡನೇ ಸೀಸನ್‌ದಾಗೇ ಮುರದಂಗ ಕಾಣ್ತದ. ಅದಕ್ಕ ನಮ್ಮೊಳಗ ಮೂರು ವಾದ ಅವ. ಚಂದ್ರ-ಸೂರ್ಯರ ಚಕ್ರವೇ ಇದನ್ನ ನಡಸ್ತದ ಅಂತ ಒಬ್ರು. ಯಂತ್ರಕ್ಕ ಹಾಕೋ ಸೀಸಿಯಂ 137 ಸವೆಯೋ ಲೆಕ್ಕ ಅಂತ ಇನ್ನೊಬ್ರು. ಬರೆದವರೇ ನಿಯಮ ಮರ್ತಾರ ಅಂತ ಮೂರನೇದವರು. ಮೂರನೇ ನಿಯಮಕ್ಕೂ ಇದೇ ಹಣೆಬರಹ: ಯೋನಾಸ್ ಅನ್ನೋ ಹುಡುಗನೇ ವಯಸ್ಸಾಗಿ ಆಡಮ್ ಆಗ್ತಾನ, ಆ ಆಡಮ್ ಮುದುಕನಾಗಿ ಬದುಕಿದ್ದಾಗ ಹರೇದ ಯೋನಾಸ್ ಗುಂಡು ತಿಂದು ಸಾಯ್ತಾನ. ಯಾವ ವಾದ ನಿಲ್ತದ, ಯಾವುದು ಬೀಳ್ತದ, ಸರಣಿಯೊಳಗಿನ ದಾಖಲೆ ಕೊಟ್ಟು ಹೇಳ್ರಿ.

ಶಹಾಬಾದ್‌ಕಲ್ಲು, ಕಲಬುರಗಿ

ಅಣ್ಣೋರೇ, 33 ಅನ್ನೋದು ವಿಂಡನ್ ಗವಿಯ ನಿಯಮ, ಅಂದ್ರ ಮಂದಿ ಕಾಲ ದಾಟೋ ಆ ಸುರಂಗದ್ದು. ಅದನ್ನ ಕಾಲದ ನಿಯಮ ಅಂತ ಬರದೀರಿ, ತೊಡಕು ಅಲ್ಲಿಂದ ಶುರು ಆಗ್ಯದ. ಒಂದೊಂದು ಪ್ರಯಾಣ ತೊಗೊಂಡು ಕಳದು ನೋಡ್ರಿ.

ಮಿಕೆಲ್ ಅನ್ನೋ ಹುಡುಗ (ಮುಂದ ಯೋನಾಸ್‌ನ ಅಪ್ಪ ಆಗೋವ) 2019ರ ನವೆಂಬರ್ 4ರ ರಾತ್ರಿ ಗವಿ ಹೊಕ್ಕು 1986ಕ್ಕ ಬರ್ತಾನ, 33. ಉಲ್ರಿಕ್ ಹೆಲ್ಗೆನ ಬೆನ್ನ ಹತ್ತಿ ಅದೇ ಗವಿ ಹೊಕ್ಕು 1953ಕ್ಕ ಬೀಳ್ತಾನ, 66. ಯೋನಾಸ್ 1986ರ ಬಂಕರ್‌ನಿಂದ 2052ಕ್ಕ, 66. ಯೋನಾಸ್‌ನ ಅವ್ವ ಹಾನ್ನಾ ಕೈಯಂತ್ರ (ಕೈಯಾಗ ಹಿಡಿಯೋ ಕಾಲಯಂತ್ರ) ಹಿಡದು 2020ರಿಂದ 1954ಕ್ಕ, 66. ಯೋನಾಸ್ 2053ರಿಂದ 1921ಕ್ಕ, 132. ವಿಂಡನ್ ನಾಶ ಆಗೋ ಪ್ರಳಯದ ಹೊತ್ತಿಗಿ ನಡುವಯಸ್ಸಿನ ಯೋನಾಸ್ ಮಾಗ್ನುಸ್, ಫ್ರಾಂಜಿಸ್ಕಾ, ಬಾರ್ಟೊಶ್‌ರನ್ನ ಕರಕೊಂಡು 2020ರಿಂದ 1888ಕ್ಕ, ಅದೂ 132. ಎಲ್ಲಾ ಬರೋಬ್ಬರಿ 33ರ ಪಟ್ಟು. ಹಿಂಗಾಗಿ ನಿಮ್ಮ ಮೊದಲನೇ ಸಾಲು "33 ಇಲ್ಲಾ ಅದರ ಪಟ್ಟು" ಅಂತ ತಿದ್ರಿ.

ಈಗ ಮುರಿಯೋದು ಇಲ್ಲಿ: ಎರಡನೇ ಸೀಸನ್‌ದಾಗ ಆಡಮ್ 1921ರಿಂದ ಯೋನಾಸ್‌ನ 2019ರ ಜೂನ್‌ಗಿ ಕಳಸ್ತಾನ, ಅಪ್ಪ ಸಾಯೋದು ಒಂದಿನ ಇರೋ ಹೊತ್ತಿಗಿ. 2019ರಾಗ 1921 ಕಳದ್ರ 98. 99 ಇದ್ದಿದ್ರ ಮೂರು ಪಟ್ಟು ಆಗ್ತಿತ್ತು. ಒಂದು ವರ್ಷ ಕಮ್ಮಿ. ಬರೆದವರು ಮರ್ತಾರ ಅನ್ನೋವರು ಇದನ್ನೇ ತೋರಸ್ತಾರ. ಆದ್ರ ಆ ದೃಶ್ಯದಾಗ ಗವಿ ಇಲ್ಲ, ಕೈಯಂತ್ರ ಇಲ್ಲ. ಆಡಮ್‌ನ ಕೋಣೆಯೊಳಗ ತೂಗೋ ಆ ಕಪ್ಪು ದ್ರವ್ಯ, ದೇವಕಣ ಅಂತಾರಲ್ಲ, ಅದರೊಳಗ ಹಾಯ್ದು ಹೋಗ್ಯಾನ. ಸಾಧನ ಬದಲಾಗ್ಯದ, ಅಳತಿ ಬದಲಾಗ್ಯದ. ಮೂರನೇ ಸೀಸನ್‌ದಾಗ ಬರೋ ಬಂಗಾರದ ಗೋಳ ಇದಕ್ಕಿಂತ ಮುಂದ: ಬೇಕಾದ ದಿನಕ್ಕೂ ಹೋಗ್ತದ, ಬ್ಯಾರೆ ಲೋಕಕ್ಕೂ ಹೋಗ್ತದ.

ಇನ್ನ ಚಂದ್ರನ ವಾದ. 33 ವರ್ಷಕ್ಕೊಮ್ಮೆ ಚಂದ್ರನ ಚಕ್ರ, ಸೂರ್ಯನ ಚಕ್ರ ಮತ್ತ ಕೂಡ್ತಾವ ಅಂತ ಸರಣಿಯೊಳಗೇ ಹೇಳ್ತಾರ. ಕಲಬುರಗಿ ಮಂದಿಗಿ ಇದನ್ನ ತಿಳಸೋದು ಕಷ್ಟ ಅಲ್ಲ. ಬಂದೇನವಾಜರ ಉರುಸು ಹಿಜರಿ ಲೆಕ್ಕದ ಜಿಲ್ಕಾದ್ ತಿಂಗಳಿಗಿ ಬೀಳ್ತದ, ಅದಕ್ಕೇ ವರ್ಷಾ ಸುಮಾರು 11 ದಿನ ಹಿಂದಕ್ಕ ಸರೀತದ. ಒಮ್ಮೆ ಬ್ಯಾಸಗಿ, ಒಮ್ಮೆ ಮಳಿಗಾಲ, ಒಮ್ಮೆ ಥಂಡಿ. ನಮ್ಮ ಹೋಳಿ, ಯುಗಾದಿ ಹಂಗ ತಿರುಗಂಗಿಲ್ಲ, ಅಧಿಕಮಾಸ ಹಾಕಿ ಹಿಡದಿಡ್ತಾರ. ಜಿಲ್ಕಾದ್ 16ನೇ ತಾರೀಖು ತೊಗೊಂಡು ನೋಡ್ರಿ. ಹಿಜರಿ 1372ರಾಗ ಅದು 1953ರ ಜುಲೈ 28ರ ಸುಮಾರಿಗಿ ಬರ್ತದ. ಹಿಜರಿ 1406ರಾಗ 1986ರ ಜುಲೈ 23ರ ಸುಮಾರಿಗಿ. ಹಿಜರಿ 1440ರಾಗ 2019ರ ಜುಲೈ 19ರ ಸುಮಾರಿಗಿ. ಚಂದ್ರ ಕಾಣೋದ್ರ ಮ್ಯಾಲ ಒಂದಿನ ಆಕಡಿ ಈಕಡಿ. ನೋಡಿದ್ರ್ಯಾ, ಡಾರ್ಕ್‌ನ ಅದೇ ಮೂರು ವರ್ಷ! 34 ಹಿಜರಿ ವರ್ಷಕ್ಕ ಹಬ್ಬ ಒಂದು ಸುತ್ತು ಹೊಡದು ಅದೇ ಮಳಿಗಾಲಕ್ಕ ವಾಪಸ್ ಬಂದದ.

ಆದ್ರ ಸುತ್ತು ಪೂರಾ ಕೂಡಲ್ಲ. 33 ಸೌರ ವರ್ಷ ಅಂದ್ರ 12,053 ದಿನ. 34 ಚಾಂದ್ರ ವರ್ಷ ಅಂದ್ರ ಸುಮಾರು 12,048 ದಿನ ಮತ್ತ ಅರ್ಧ. ನಾಲ್ಕೂವರಿ ದಿನ ಫರಕು. ಗವಿ ಖರೇನೇ ಚಂದ್ರನ ಲೆಕ್ಕಕ್ಕ ನಡದಿದ್ರ ಮಿಕೆಲ್ 1986ರ ನವೆಂಬರ್ 8-9ಕ್ಕ ಹೊರಗ ಬರಬೇಕಿತ್ತು. ಅವ ಬರೋದು ಮರುದಿನ ಮುಂಜಾನಿಗಿ, ನವೆಂಬರ್ 5ಕ್ಕ. ಗವಿ ಗೋಡಿ ಮ್ಯಾಲಿನ ಕ್ಯಾಲೆಂಡರ್ ಹಿಡೀತದ, ಚಂದ್ರನ್ನ ಹಿಡಿಯಲ್ಲ. ಚಂದ್ರನ ವಾದ ಸರಣಿಯ ಮಾತಿನಾಗ ಅದ, ಸರಣಿಯ ತಾರೀಖಿನಾಗ ಇಲ್ಲ.

ಸೀಸಿಯಂ ವಾದ ಇನ್ನೂ ಬೇಗ ಬೀಳ್ತದ. ಸೀಸಿಯಂ 137ರ ಅರ್ಧಾಯುಷ್ಯ ಸುಮಾರು 30 ವರ್ಷ, 33 ಅಲ್ಲ. 33 ವರ್ಷ ಆದಮ್ಯಾಲ 100ಕ್ಕ 47 ಪಾಲು ಉಳೀತದ. ಅದು ಯಂತ್ರದ ಇಂಧನ ಅಷ್ಟೇ. ಯಂತ್ರ ನಡೀತದೋ ಇಲ್ಲೋ ಅನ್ನೋದನ್ನ ಅದು ಹೇಳ್ತದ, ಎಷ್ಟು ದೂರ ಹೋಗ್ತದ ಅನ್ನೋದನ್ನ ಹೇಳಲ್ಲ.

ಭೀಮಾದಂಡಿ, ಯಾದಗಿರಿ

ಒಂದೇ ಮಾತು ಸೇರಸ್ತೀನ್ರಿ, ಚಾರ್ಟ್ ಮಾಡೋವರು ಹೆಚ್ಚು ಎಡವೋದು ಇಲ್ಲೇ. ಮೊದಲನೇ ಸೀಸನ್ ನಡಿಯೋದು 2019ರ ನವೆಂಬರ್‌ದಾಗ, ಹಿಂಗಾಗಿ ಅದರ ಜೋಡಿ 1986 ಮತ್ತ 1953. ಎರಡನೇ ಸೀಸನ್ ನಡಿಯೋದು 2020ರ ಜೂನ್‌ದಾಗ, ಅದಕ್ಕ ಜೋಡಿ 1987, 1954, 1921, ಮುಂದ 2053. ಇದನ್ನ ನೋಡಿ "33 ಇದ್ದದ್ದು 32 ಆಯ್ತು, 34 ಆಯ್ತು" ಅಂತ ಬರೀತಾರ. ಏನೂ ಆಗಿಲ್ಲ. ಏಳು ತಿಂಗಳು ಎಲ್ಲಾ ಕಾಲದಾಗೂ ಒಟ್ಟಿಗೇ ಮುಂದ ನಡದದ. ಇಲ್ಲಿ ಒಂದು ತಾಸು ಕಳದ್ರ ಅಲ್ಲೂ ಒಂದು ತಾಸು. 1953ರ ಸಾಲನ್ನ 2020ರ ಎದುರು ಬರದ್ರ ಚಾರ್ಟ್ ಪೂರಾ ಓರೆ ಆಗ್ತದ. ತಿಂಗಳು ಬರೀದೇ ಬರೇ ಇಸವಿ ಬರೀಬ್ಯಾಡ್ರಿ.

ಕರೇಜ್‌ಕಿಂಡಿ, ಬೀದರ್

ಶಹಾಬಾದ್‌ಕಲ್ಲು ಅವರು ಸಾಧನವನ್ನೂ ನಿಯಮವನ್ನೂ ಬೇರ್ಪಡಿಸಿದ್ದು ಸರಿಯಾದ ದಾರಿ. ಬೀದರಿನವರಿಗೆ ನೌಬಾದ್ ಕರೇಜ್ ಗೊತ್ತು. ನೆಲದೊಳಗೆ ನೀರಿನ ಸುರಂಗ, ಮೇಲೆ ಅಲ್ಲಲ್ಲಿ ಬಾವಿಯಂಥ ಕಿಂಡಿ. ಸುರಂಗದಲ್ಲಿ ಎಷ್ಟೇ ನಡೆಯಿರಿ, ಮೇಲೆ ಬರುವುದು ಕಿಂಡಿ ಇದ್ದ ಕಡೆ ಮಾತ್ರ. ವಿಂಡನ್ ಗವಿಯೂ ಹಾಗೇ. 33 ಎಂದರೆ ಎರಡು ಕಿಂಡಿಗಳ ನಡುವಿನ ಅಂತರ. ದೇವಕಣ ಎಂದರೆ ಬೇಕಾದಲ್ಲಿ ಹೊಸ ಬಾವಿ ತೋಡುವ ಕೆಲಸ.

ಬಂಕರ್‌ನ ಕುರ್ಚಿಯನ್ನೂ (ಮಕ್ಕಳ ಮೇಲೆ ಪರೀಕ್ಷೆ ಮಾಡಿದ ಕಾಲಯಂತ್ರ) ಇದೇ ಪಟ್ಟಿಗೆ ಸೇರಿಸಿ, ಹೆಚ್ಚಿನವರು ಬಿಟ್ಟುಬಿಡುತ್ತಾರೆ. 1986ರ ಆ ಕುರ್ಚಿಗೆ ಕೂರಿಸಿದ ಮಕ್ಕಳಲ್ಲಿ ಮಾಡ್ಸ್‌ನ ಶವ 2019ರಲ್ಲಿ ಸಿಗುತ್ತದೆ, ಎರಿಕ್ ಮತ್ತು ಯಾಸಿನ್‌ರ ಶವ 1953ರಲ್ಲಿ. ಅಂದರೆ ಕುರ್ಚಿ ಎರಡೂ ದಿಕ್ಕಿಗೆ ಎಸೆಯುತ್ತದೆ, ದೂರ ಮಾತ್ರ 33ಕ್ಕೆ ಕಟ್ಟಿಹಾಕಿದ್ದು. ಕಣ್ಣು ಸುಟ್ಟಿರುತ್ತದೆ, ಕಿವಿಯ ತಮಟೆ ಒಡೆದಿರುತ್ತದೆ. ದೂರದ ಹಿಡಿತ ಬಂದಿತ್ತು, ದೇಹವನ್ನು ಕಾಯುವ ವಿದ್ಯೆ ಬಂದಿರಲಿಲ್ಲ. ಕೈಯಂತ್ರ ಆ ಕೊರತೆ ನೀಗಿಸಿದ ಸಾಧನ.

ಭೌತಶಾಸ್ತ್ರದ ಕಡೆಯಿಂದ ಒಂದು ಮಾತು. ಐನ್‌ಸ್ಟೈನ್-ರೋಸೆನ್ ಸೇತುವೆಯ ಲೆಕ್ಕ 1935ರದು. 1988ರಲ್ಲಿ ಮಾರಿಸ್, ಥಾರ್ನ್, ಯುರ್ಟ್‌ಸೆವರ್ ಅಂಥ ಸುರಂಗವನ್ನು ಕಾಲಯಂತ್ರ ಮಾಡುವ ಬಗೆ ಬರೆದರು. ಅಂಥ ಯಂತ್ರಕ್ಕೆ ಒಂದು ಕಟ್ಟುಪಾಡಿದೆ: ಸುರಂಗ ಕಾಲಯಂತ್ರವಾದ ದಿನಕ್ಕಿಂತ ಹಿಂದಕ್ಕೆ ಅದರಿಂದ ಹೋಗಲು ಬರುವುದಿಲ್ಲ. ಡಾರ್ಕ್ ಈ ಕಟ್ಟುಪಾಡು ಪಾಲಿಸುವುದಿಲ್ಲ. ದಾರಿ ತೆರೆಯುವುದು 1986ರಲ್ಲಿ, ಆದರೆ ಅದು 1953ಕ್ಕೂ ಬಾಯಿ ಬಿಟ್ಟಿದೆ. ಹಾಗಾಗಿ ವಿಜ್ಞಾನದ ಪುಸ್ತಕ ಹಿಡಿದು ಸರಣಿಯ ತಪ್ಪು ಎಣಿಸುವವರು ಇಲ್ಲಿಂದ ಶುರು ಮಾಡಲಿ, 98 ವರ್ಷದ ಜಿಗಿತದಿಂದಲ್ಲ. ನನ್ನ ಮಟ್ಟಿಗೆ ಸರಣಿಯನ್ನು ಅದರದೇ ನಿಯಮದಿಂದ ಅಳೆಯುವುದು ನ್ಯಾಯ.

ಈಗ ನಿಮ್ಮ ನಾಲ್ಕನೇ ನಿಯಮ. "ಹುಟ್ಟಿಲ್ಲದ ವಸ್ತು" ಎಂದು ಒಂದೇ ಸಾಲಲ್ಲಿ ಬರೆದಿದ್ದೀರಿ. ಅದನ್ನು ಎರಡು ಮಾಡಲೇಬೇಕು: ಲೋಹ ಸುತ್ತುವುದು ಬೇರೆ, ವಿನ್ಯಾಸ ಸುತ್ತುವುದು ಬೇರೆ. ಗಡಿಯಾರದ ಅಂಗಡಿಯ ಟಾನ್‌ಹೌಸ್‌ನ ಕೈಯಂತ್ರ ನೋಡಿ. ಕಾಲಪ್ರಯಾಣ ಮಾಡುವ ಕ್ಲೌಡಿಯಾ ಅವನಿಗೆ ನಕ್ಷೆ ತಂದುಕೊಡುತ್ತಾಳೆ, ಅವನು ಹೊಸ ತುಂಡುಗಳಿಂದ ಕಟ್ಟುತ್ತಾನೆ. 1986ರಲ್ಲಿ ಕೆಟ್ಟುಹೋದ ಯಂತ್ರವೊಂದು ರಿಪೇರಿಗೆ ಅವನ ಅಂಗಡಿಗೇ ಬರುತ್ತದೆ, ಅದನ್ನು ನೋಡಿ ತನ್ನದನ್ನು ಪೂರ್ತಿ ಮಾಡುತ್ತಾನೆ. ಇವನು ಕಟ್ಟಿದ್ದೇ ಮುಂದೆ ಸವೆದು, ಕೆಟ್ಟು, ಹಿಂದಕ್ಕೆ ಬರುವುದು. ಬಿದ್ರಿ ಕೆಲಸದವರು ಹಳೆ ಹುಕ್ಕಾದ ಹೂಬಳ್ಳಿ ನೋಡಿ ಹೊಸದಕ್ಕೆ ಅದೇ ಬಳ್ಳಿ ಕೊರೆದಂತೆ. ಸತು-ತಾಮ್ರದ ಎರಕ ಹೊಸದು, ಬೆಳ್ಳಿ ತಂತಿ ಹೊಸದು, ಕಪ್ಪು ಮಾಡಲು ಹಚ್ಚಿದ ಕೋಟೆಯ ಮಣ್ಣೂ ಹೊಸದು, ಬಳ್ಳಿ ಮಾತ್ರ ಹಳೆಯದು. ಬಳ್ಳಿಯನ್ನು ಮೊದಲು ಬರೆದವರು ಯಾರು ಎನ್ನುವುದಕ್ಕೆ ಡಾರ್ಕ್‌ನಲ್ಲಿ ಉತ್ತರ ಇಲ್ಲ. ಲೋಹಕ್ಕೆ ಮಾತ್ರ ಹುಟ್ಟು ಇದೆ.

ಈ ಭೇದ ಯಾಕೆ ಮುಖ್ಯ? ಲೋಹವೇ ಸುತ್ತಿದರೆ ಪ್ರತಿ ಸುತ್ತಿಗೂ ಅದು ಸವೆಯಬೇಕು. ಸವೆದರೆ ಹೊರಟಾಗಿನ ಸ್ಥಿತಿಗೆ ವಾಪಸ್ ಬರಲಿಲ್ಲ ಎಂದಾಯಿತು, ಸುತ್ತು ಮುಚ್ಚುವುದಿಲ್ಲ. ವಿನ್ಯಾಸಕ್ಕೆ ತುಕ್ಕು ಹಿಡಿಯುವುದಿಲ್ಲ. ಸರಣಿಯಲ್ಲಿ "ಹುಟ್ಟಿಲ್ಲದ್ದು" ಎನಿಸುವ ಪ್ರತಿ ವಸ್ತುವಿಗೂ ಕೇಳಿ: ಅದೇ ತುಂಡು ಸುತ್ತುತ್ತಿದೆಯೋ, ಅದರ ನಕಲೋ? ನಕಲಾದರೆ ನಿಯಮ ಗಟ್ಟಿ.

ಶಾರ್ಲೊಟ್ಟೆ-ಎಲಿಜಬೆತ್ ಪ್ರಕರಣ ಇದರಲ್ಲಿ ಬಹಳ ಚೆಂದ. ಎಲಿಜಬೆತ್‌ಳ ತಾಯಿ ಶಾರ್ಲೊಟ್ಟೆ, ಶಾರ್ಲೊಟ್ಟೆಯ ತಾಯಿ ಎಲಿಜಬೆತ್. ಅಸಾಧ್ಯ ಎಂದು ಕೈಬಿಡುವ ಮೊದಲು ಲೆಕ್ಕ ಹಾಕಿ. ಶಾರ್ಲೊಟ್ಟೆಯಲ್ಲಿ ಅರ್ಧ ನೋಹಾನದು, ಅರ್ಧ ಎಲಿಜಬೆತ್‌ಳದು. ಎಲಿಜಬೆತ್‌ಳಲ್ಲಿ ಅರ್ಧ ಪೀಟರ್‌ನದು, ಅರ್ಧ ಶಾರ್ಲೊಟ್ಟೆಯದು. ಎರಡೂ ಸಮೀಕರಣ ಬಿಡಿಸಿದರೆ ಸರಾಸರಿಯಲ್ಲಿ ಶಾರ್ಲೊಟ್ಟೆ ಮೂರರಲ್ಲಿ ಎರಡು ಪಾಲು ನೋಹಾ, ಒಂದು ಪಾಲು ಪೀಟರ್. ಎಲಿಜಬೆತ್ ಎರಡು ಪಾಲು ಪೀಟರ್, ಒಂದು ಪಾಲು ನೋಹಾ. ಇಷ್ಟಕ್ಕೆ ಎಲ್ಲ ವಂಶವಾಹಿಗೂ ತಂದೆಯರ ಕಡೆಯಿಂದ ಮೂಲ ಸಿಕ್ಕಿತು. ಸಿಗದೆ ಉಳಿಯುವುದು ಒಂದೇ, ಮೈಟೊಕಾಂಡ್ರಿಯಾದ ಡಿಎನ್‌ಎ. ಅದು ತಾಯಿಯಿಂದ ಮಾತ್ರ ಬರುತ್ತದೆ. ತಾಯಿಯಿಂದ ಮಗಳಿಗೆ, ಆ ಮಗಳಿಂದ ಮತ್ತೆ ಅದೇ ತಾಯಿಗೆ, ಹೊರಗಿನ ಬಾಗಿಲೇ ಇಲ್ಲ. ಇಡೀ ಸರಣಿಯಲ್ಲಿ ನಿಜವಾಗಿ ಹುಟ್ಟಿಲ್ಲದ ಬರಹ ಎಂದರೆ ನನ್ನ ಲೆಕ್ಕದಲ್ಲಿ ಅದೇ.

ತೊಗರಿನಾಡು, ಕಲಬುರಗಿ

ಬೀದರಿನ ಅಣ್ಣೋರೇ, ಮೈಟೊಕಾಂಡ್ರಿಯಾ ಮಾತು ನಮ್ಮ ಯಾರಿಗೂ ಹೊಳದಿದ್ದಿಲ್ಲ. ನಾಲ್ಕನೇ ನಿಯಮ ಎರಡು ಸಾಲು ಮಾಡಿದ್ವಿ. ಮೊದಲನೇದನ್ನ "ಸಾಧನಕ್ಕೊಂದು ಅಳತಿ" ಅಂತ ತಿದ್ದಿದ್ವಿ. ಈಗ ಎರಡು ಉಳದವ. ಯೋನಾಸ್ ಸಾಯೋದು, ಮತ್ತ ಕಡೀ ಸಂಚಿಕೆ. ಇದರ ಸಂಗಟ ಚಾರ್ಟ್ ಹ್ಯಾಂಗ ಇಡಬೇಕು ಅನ್ನೋದನ್ನೂ ಯಾರಾದ್ರೂ ಹೇಳ್ರಿ. ನಮ್ಮದು ಗೆರಿ ಮ್ಯಾಲ ಗೆರಿ ಬಂದು ಓದ್ಲಿಕ್ಕೇ ಬರವಲ್ದು.

ಖತಾವಣಿ, ಕಲಬುರಗಿ

ಗೋಡಿಗಿ ಹಚ್ಚೋ ಚಾರ್ಟ್ ಆಮ್ಯಾಲ ಮಾಡ್ರಿ, ಮೊದಲು ಖಾತೆ ಬರೀರಿ. ಅಂಗಡಿಯವರು ಇಡೋ ಉದ್ದನ್ನ ಗೆರಿ ಪುಸ್ತಕ ತೊಗೊಂಡು ಒಂದು ಪ್ರಯಾಣಕ್ಕ ಒಂದು ಸಾಲು. ಕಾಲಂ ಏಳು ಬೇಕು: ಯಾರು, ಹೊರಟ ತಾರೀಖು, ಮುಟ್ಟಿದ ತಾರೀಖು, ಸಾಧನ, ಆ ಹೊತ್ತಿಗಿ ಅವರ ಸ್ವಂತ ವಯಸ್ಸು, ಯಾವ ಸಂಚಿಕೆ, ಕಡೀಗಿ "ತೋರಿಸಿದ್ದೋ ಹೇಳಿದ್ದೋ". ಆಡಮ್‌ನ ಲೋಕಕ್ಕ ನೀಲಿ ಮಸಿ, ಎವಾಳ ಲೋಕಕ್ಕ ಕೆಂಪು (ಯೋನಾಸ್‌ನ ಪ್ರೇಯಸಿ ಮಾರ್ಥಾಳ ಇನ್ನೊಂದು ಲೋಕದ ರೂಪ ಮುದುಕಿ ಆದ್ರ ಎವಾ), ಇವೆರಡೂ ಒಡದು ಬಂದ ಮೂಲ ಲೋಕಕ್ಕ ಹಸಿರು.

ಸ್ವಂತ ವಯಸ್ಸಿನ ಕಾಲಂ ಬಿಡಬ್ಯಾಡ್ರಿ, ತಪ್ಪು ಹಿಡಿಯೋದೇ ಅದು. ಇಸವಿ ಹಿಂದ ಮುಂದ ಜಿಗೀತದ, ವಯಸ್ಸು ಮುಂದಕ್ಕ ಅಷ್ಟೇ ನಡೀತದ. ಮಿಕೆಲ್ 11 ವರ್ಷದವ ಇದ್ದಾಗ 1986ಕ್ಕ ಹೋಗ್ತಾನ. ಅಲ್ಲೇ ಬೆಳದು ಮಿಖಾಯೆಲ್ ಆಗಿ 2019ರ ಜೂನ್ 21ಕ್ಕ ಸಾಯ್ತಾನ. ನಡುವ 32 ವರ್ಷ ಏಳು ತಿಂಗಳು ಚಿಲ್ಲರೆ. ಕೂಡಿಸಿದ್ರ ಸಾಯೋ ಹೊತ್ತಿಗಿ 43 ದಾಟಿ ಅರ್ಧ ವರ್ಷ ಆಗಿರ್ತದ. ಈ ಸಾಲು ಬರದ್ರ ಇನ್ನೊಂದು ತಾನಾಗೇ ಕಾಣ್ತದ: ಮಿಕೆಲ್ ಹುಟ್ಟಿದಾಗಿನಿಂದ ಆ ಜೂನ್ ತನಕ ಒಬ್ಬನೇ ಮನುಷ್ಯ ಒಂದೇ ಊರಾಗ ಎರಡು ವಯಸ್ಸಿನಾಗ ಬದುಕ್ಯಾನ. ಮಿಖಾಯೆಲ್ ಸತ್ತು ನಾಲ್ಕೂವರಿ ತಿಂಗಳಿಗಿ ಹುಡುಗ ಮಿಕೆಲ್ ಕಳದು ಹೋಗ್ಯಾನ. ಹಿಂಗಾಗಿ "ಇಬ್ಬರು ತಾವು ಭೇಟಿ ಆದ್ರ ಏನೋ ಸ್ಫೋಟ ಆಗ್ತದ" ಅನ್ನೋ ವಾದ ಇದ್ರ ಕಿತ್ತು ಒಗೀರಿ.

ಕಡೀ ಕಾಲಂ ಯಾಕಂದ್ರ, ಈ ಸರಣಿಯೊಳಗ ಮಂದಿ ಸುಳ್ಳು ಹೇಳ್ತಾರ. ಅಪ್ಪನ್ನ ಉಳಸಬಹುದು ಅಂತ ಆಡಮ್ ಯೋನಾಸ್‌ಗಿ ಹೇಳಿ ಕಳಸ್ತಾನ. ಯೋನಾಸ್ ಹೋಗಿ ಅಪ್ಪನ ಮುಂದ ನಿಂತು ಮಾತಾಡಿದ್ದೇ ಅಪ್ಪಗ ದಾರಿ ತೋರಸ್ತದ. "2019ರ ನವೆಂಬರ್ 4, ರಾತ್ರಿ 10 ಗಂಟಿ 13 ನಿಮಿಷಕ್ಕಿಂತ ಮೊದಲು ತೆಗೀಬ್ಯಾಡ್ರಿ" ಅಂತ ಬರದು ಅಪ್ಪ ಬಿಟ್ಟುಹೋದ ಲಕೋಟಿಯ ಬೇರು ಅಲ್ಲೇ ಅದ. ಆಡಮ್‌ನ ಮಾತನ್ನ ನಿಯಮ ಅಂತ ಬರದ್ರ ಮೂರು ಸಾಲು ಆದಮ್ಯಾಲ ನಿಮ್ಮ ಖಾತೆ ಕೂಡಂಗಿಲ್ಲ. "ಹೇಳಿದ್ದು" ಅನ್ನೋದನ್ನ ಪೆನ್ಸಿಲ್‌ನಿಂದ ಬರೀರಿ. ಪರದೆ ಮ್ಯಾಲ ಕಂಡಮ್ಯಾಲ ಮಸಿ ಹಾಕ್ರಿ.

ಮೂರನೇ ಸೀಸನ್‌ದಾಗ ಲೋಕ ಯಾವುದು ಅಂತ ತಿಳೀದಿದ್ರ ಮಾರ್ಥಾಳ ಹಣಿ ನೋಡ್ರಿ, ಹಣಿ ಮ್ಯಾಲ ಕೂದಲ ಕತ್ತರಿಸಿ ಬಿಟ್ಟಿದ್ರ ಎವಾಳ ಲೋಕ. ಮನಿ ಒಳಗಿನ ಸಾಮಾನು ಕನ್ನಡಿಯೊಳಗಿನಂಗ ತಿರುಗಿರ್ತದ. ಪ್ರಳಯದ ದಿನವೂ ಬ್ಯಾರೆ: ಆಡಮ್‌ನ ಲೋಕಕ್ಕ 2020ರ ಜೂನ್ 27, ಎವಾಳ ಲೋಕಕ್ಕ 2019ರ ನವೆಂಬರ್ 8. ಈ ಎರಡನ್ನ ಒಂದೇ ಅಂತ ತಿಳಕೊಂಡ್ರ ಮುಂದಿಂದು ಎಲ್ಲಾ ಕೆಡ್ತದ.

ಹತ್ತಿಕುಣಿ, ಯಾದಗಿರಿ

ಯೋನಾಸ್ ಸಾವಿನ ಪ್ರಶ್ನೆಗೆ ಬರ್ತೀನಿ. ಮೂರನೇ ನಿಯಮಕ್ಕೆ ಎರಡು ಸಾಕ್ಷಿ ಗಟ್ಟಿ ಇದಾವೆ. ಎರಡನೇ ಸೀಸನ್ ಕೊನೆಯಲ್ಲಿ ನೋಹಾ ಆಡಮ್‌ಗೆ ಗುರಿ ಇಟ್ಟು ಕುದುರೆ ಎಳೀತಾನೆ, ಪಿಸ್ತೂಲು ಸಿಡಿಯಲ್ಲ. ಅದೇ ಪಿಸ್ತೂಲು ಅವನ ಸೋದರಿ ಆಗ್ನೆಸ್ ಕೈಗೆ ಹೋದ ಕೂಡಲೇ ಸಿಡೀತದೆ, ನೋಹಾ ಬೀಳ್ತಾನೆ. ಮೂರನೇ ಸೀಸನ್‌ನಲ್ಲಿ ಪ್ರಳಯದ ನಂತರ ಯೋನಾಸ್ ನೇಣು ಹಾಕ್ಕೊಂಡಾಗ ನೋಹಾ ಬಂದು ಹಗ್ಗ ಕೊಯ್ದು ಇಳಿಸ್ತಾನೆ. ಇಲ್ಲಿ ಗಮನಿಸಬೇಕಾದ್ದು, ಯಾವುದೋ ಮಾಯೆ ಬಂದು ಗುಂಡನ್ನ ಹಿಡಿಯಲ್ಲ. ಗುಂಡು ಕೈ ಕೊಡೋದು, ಯಾರೋ ಹೊತ್ತಿಗೆ ಬರೋದು, ಇಂಥ ಸಾದಾ ಕಾರಣದಿಂದಲೇ ನಿಯಮ ತನ್ನ ಕೆಲಸ ಮಾಡ್ಕೊಳ್ತದೆ.

ಹಾಗಾದ್ರೆ ಎವಾಳ ಲೋಕದಲ್ಲಿ ಮಾರ್ಥಾಳ ಗುಂಡಿಗೆ ಯೋನಾಸ್ ಹೆಂಗೆ ಸತ್ತ? 2020ರ ಜೂನ್ 27ರ ಆ ಕ್ಷಣಕ್ಕೆ ಹೋಗಿ. ಪ್ರಳಯ ಆಗುವಾಗ ಕಣ್ಣುಮುಚ್ಚಿ ತೆರೆಯೋಕಿಂತ ಕಮ್ಮಿ ಹೊತ್ತು ಕಾಲ ನಿಂತುಬಿಡ್ತದೆ. ಆ ಹೊತ್ತಲ್ಲಿ ಕಾರಣ-ಕಾರ್ಯದ ಸರಪಳಿ ಬಿಚ್ಚಿರ್ತದೆ, ಎರಡು ಫಲಿತಾಂಶ ಒಟ್ಟಿಗೆ ನಿಜ ಆಗಬಹುದು. ಒಂದು ಕವಲಲ್ಲಿ ಇನ್ನೊಂದು ಲೋಕದ ಮಾರ್ಥಾ ಬಂದು ಯೋನಾಸ್‌ನ ಎತ್ತಿಕೊಂಡು ಹೋಗ್ತಾಳೆ. ಇನ್ನೊಂದು ಕವಲಲ್ಲಿ ಬಾರ್ಟೊಶ್ ಅವಳನ್ನ ತಡೀತಾನೆ, ಅವಳು ಬರಲ್ಲ, ಯೋನಾಸ್ ನೆಲಮಾಳಿಗೆಗೆ ಇಳಿದು ಬದುಕ್ತಾನೆ. ಆಡಮ್ ಆಗೋದು ನೆಲಮಾಳಿಗೆಯವನು. ಮಾರ್ಥಾ ಕರ್ಕೊಂಡು ಹೋದವನಿಗೆ ಮುದುಕನಾದ ರೂಪ ಎಲ್ಲೂ ಇಲ್ಲ, ಹಾಗಾಗಿ ಅವನು ಸಾಯಬಲ್ಲ. ಮೂರನೇ ನಿಯಮದಲ್ಲಿ "ವಯಸ್ಸಾದ ನೀವು" ಅಂತ ಇದ್ದದ್ದನ್ನ "ನಿಮ್ಮ ಕವಲಿನ ವಯಸ್ಸಾದ ನೀವು" ಅಂತ ತಿದ್ದಿ. ಖಾತೆಯಲ್ಲಿ ಆ ದಿನದ ನಂತರ ಯೋನಾಸ್‌ಗೆ ಎರಡು ಪುಟ ಕೊಡಬೇಕಾಗ್ತದೆ.

ಇದರಿಂದಲೇ "ಇದು ಎಷ್ಟನೇ ಸುತ್ತು" ಅನ್ನೋ ವಾದಕ್ಕೂ ಉತ್ತರ ಸಿಗ್ತದೆ. ಮುಚ್ಚಿದ ಸುತ್ತಿಗೆ ಎಣಿಕೆ ಇರಲ್ಲ. ಒಂದನೇ ಸಲ, ನೂರನೇ ಸಲ ಅನ್ನೋದಕ್ಕೆ ಅಲ್ಲಿ ಅರ್ಥ ಇಲ್ಲ, ಎಲ್ಲಾ ಒಂದೇ ಸಲ ಆಗಿರೋದು. ಆದ್ರೆ ಕೊನೆ ಸಂಚಿಕೆಯಲ್ಲಿ ಕ್ಲೌಡಿಯಾ ಆಡಮ್ ಎದುರು ನಿಂತು ಈ ಮಾತುಕತೆ ಹಿಂದೆಂದೂ ನಡೆದಿಲ್ಲ ಅಂತಾಳೆ. ಪ್ರಳಯದಲ್ಲಿ ಕಾಲ ನಿಲ್ಲೋ ಆ ಕ್ಷಣವೇ ಸುತ್ತಿನಿಂದ ಹೊರಬರೋ ಕಿಂಡಿ, ಅದನ್ನ ಬಳಸಿಕೊಂಡದ್ದರಿಂದಲೇ ಅವಳಿಗೆ ಅದು ಸಾಧ್ಯ ಆಯ್ತು. ಇಡೀ ಸರಣಿಯಲ್ಲಿ ಖಾತೆಗೆ ಹೊಸ ಸಾಲು ಬರೆದವಳು ಅವಳೊಬ್ಬಳೇ.

ಶಹಾಬಾದ್‌ಕಲ್ಲು, ಕಲಬುರಗಿ

ಇಲ್ಲಿ ನಾ ಒಪ್ಪಂಗಿಲ್ರಿ, ಅಕ್ಕೋರೇ. ಕಿಂಡಿ ಇರೋದು ಸರಿ. ಆದ್ರ ಎರಡು ಸೀಸನ್ ತನಕ ಏನೂ ಬದಲಾಗಲ್ಲ, ಏನೂ ಬದಲಾಗಲ್ಲ ಅಂತ ಕಟ್ಟಿ, ಕಿಂಡಿಯ ವಿವರ ಕಡೀ ಎರಡು ಸಂಚಿಕೆಗಿ ಇಟ್ರ ನೋಡೋವರಿಗಿ ವಾದ ಕಟ್ಲಿಕ್ಕ ಜಾಗ ಎಲ್ಲಿ ಉಳೀತು? ಒಗಟು ಕೊಟ್ಟಮ್ಯಾಲ ಬಿಡಿಸೋ ಸಾಮಾನೂ ಮೊದಲೇ ಮುಂದ ಇಡಬೇಕು. ಕೈಯಂತ್ರದ ಅಳತಿ, ಕುರ್ಚಿಯ ಅಳತಿ ಅವೆಲ್ಲಾ ಹಂಗೇ ಇಟ್ಟಾರ, ನಾವು ಹುಡುಕಿದ್ವಿ, ಸಿಕ್ತು. ಕಿಂಡಿ ಒಂದನ್ನ ಬಚ್ಚಿಟ್ಟಾರ. ನನಗ ಇದು ಸರಣಿಯ ನಿಜವಾದ ಕೊರತೆ, 98 ವರ್ಷದ ಜಿಗಿತಕ್ಕಿಂತ ದೊಡ್ಡದು.

ಹತ್ತಿಕುಣಿ, ಯಾದಗಿರಿ

ವಿವರ ತಡ ಆಯ್ತು ಅನ್ನೋದು ಖರೇ ಅಣ್ಣ, ಅದನ್ನ ಅಲ್ಲಗಳೆಯಲ್ಲ. ಆದ್ರೆ ದೃಶ್ಯ ತಡ ಆಗಿಲ್ಲ. ಎರಡನೇ ಸೀಸನ್‌ನ ಕೊನೆ ನಿಮಿಷದಲ್ಲಿ ಮಾರ್ಥಾ ಸತ್ತು ಬಿದ್ದಿರುವಾಗಲೇ ಇನ್ನೊಬ್ಬ ಮಾರ್ಥಾ ಬಾಗಿಲಲ್ಲಿ ಬಂದು ನಿಲ್ತಾಳೆ. ಯಾವ ಕಾಲದಿಂದ ಅಂತ ಯೋನಾಸ್ ಕೇಳಿದ್ರೆ, ಯಾವ ಕಾಲ ಅಂತ ಅಲ್ಲ, ಯಾವ ಲೋಕ ಅಂತ ಕೇಳು ಅನ್ನೋ ಅರ್ಥದ ಉತ್ತರ ಕೊಡ್ತಾಳೆ. ಅದು ನಡೆದದ್ದು ಪ್ರಳಯದ ದಿನವೇ. ಸಾಮಾನು ಮುಂದೆ ಇತ್ತು, ಅದರ ಹೆಸರು ಹೇಳಿದ್ದು ಮಾತ್ರ ಆಮೇಲೆ.

ತೊಗರಿನಾಡು, ಕಲಬುರಗಿ

ಇಬ್ಬರ ಮಾತೂ ಖಾತೆಯೊಳಗ ಪೆನ್ಸಿಲ್‌ನಿಂದ ಬರಕೊಂಡೀವಿ. ಕಡೀದೊಂದು ತೊಡಕು ಉಳದದ. ಯೋನಾಸ್ ಮತ್ತ ಮಾರ್ಥಾ ಮೂಲ ಲೋಕಕ್ಕ ಹೋಗಿ 1971ರಾಗ ಸೇತುವೆ ಹತ್ರ ಕಾರು ನಿಲ್ಲಸ್ತಾರ. ಟಾನ್‌ಹೌಸ್‌ನ ಮಗ, ಸೊಸಿ, ಮೊಮ್ಮಗಳು ಬದುಕ್ತಾರ. ಹಂಗಾಗಿ ಟಾನ್‌ಹೌಸ್ 1986ರಾಗ ಯಂತ್ರ ಹಚ್ಚಂಗಿಲ್ಲ, ಲೋಕ ಒಡಿಯಂಗಿಲ್ಲ. ಲೋಕ ಒಡೀದಿದ್ರ ಯೋನಾಸ್-ಮಾರ್ಥಾ ಹುಟ್ಟಂಗಿಲ್ಲ. ಹುಟ್ಟದವರು ಕಾರು ನಿಲ್ಲಸಿದ್ದು ಹ್ಯಾಂಗ? ಮತ್ತ ಅವರು 1986ರಿಂದ 1971ಕ್ಕ ಹೋದ್ರು, ಅಂದ್ರ 15 ವರ್ಷ. ಇದು ಯಾವ ಸಾಧನದ ಅಳತಿ?

ಕರೇಜ್‌ಕಿಂಡಿ, ಬೀದರ್

ಎರಡನೇ ಪ್ರಶ್ನೆ ಸುಲಭ, ಅದನ್ನು ಮೊದಲು ಮುಗಿಸುತ್ತೇನೆ. ಅವರು ಗೋಳ ಹಿಡಿದು 1986ರಲ್ಲಿ ದಾರಿ ತೆರೆಯುವ ಅದೇ ಕ್ಷಣಕ್ಕೆ ಹೋಗುತ್ತಾರೆ. ಮೂಲ ಲೋಕದಲ್ಲಿ ಟಾನ್‌ಹೌಸ್ ಯಂತ್ರ ಹಚ್ಚುವ ಕ್ಷಣವೂ ಅದೇ. ಅಲ್ಲಿಂದ ಮುಂದೆ ಗವಿಯ 33 ಅನ್ವಯ ಆಗುವುದಿಲ್ಲ. ಲೋಕ ಇನ್ನೂ ಮೂರಾಗದ ಜಾಗ ಅದು. ಟಾನ್‌ಹೌಸ್ ಯಂತ್ರ ಕಟ್ಟಿದ್ದು ತನ್ನವರು ಸತ್ತ ರಾತ್ರಿಯನ್ನು ತಿರುಗಿಸಲು. ದಾರಿ ಆ ರಾತ್ರಿಗೆ ತೆರೆದುಕೊಂಡಿದ್ದಕ್ಕೆ ನಾನು ಕೊಡುವ ಕಾರಣ ಇದು: ಯಂತ್ರದ ಗುರಿಯೇ 1971. ಇದು ನನ್ನ ವಾದ, ಸರಣಿ ಬಾಯಿಬಿಟ್ಟು ಹೇಳಿದ್ದಲ್ಲ. ಹಾಗಾಗಿ ಪೆನ್ಸಿಲ್.

ಮೊದಲನೇ ಪ್ರಶ್ನೆಗೆ ಅಭಿಮಾನಿಗಳಲ್ಲಿ ಎರಡು ಗಟ್ಟಿ ವಾದ ಇವೆ. ಒಂದು, ಮೂಲ ಲೋಕದಲ್ಲಿ ಸುತ್ತೇ ಇರಲಿಲ್ಲ, ಅದು ನೇರ ಗೆರೆ. ನೇರ ಗೆರೆಯನ್ನು ಬದಲಿಸಲು ಬರುತ್ತದೆ, ಬದಲಿಸಲು ಬಾರದ್ದು ಗಂಟಿನೊಳಗಿನದು (ಎರಡು ಲೋಕ ಒಂದಕ್ಕೊಂದು ಹೆಣೆದುಕೊಂಡ ಸುತ್ತು) ಮಾತ್ರ. ಎರಡು, ಯೋನಾಸ್ ಕವಲಾದಂತೆಯೇ ಮೂಲ ಲೋಕವೂ ಆ ನಿಂತ ಕ್ಷಣದಲ್ಲಿ ಕವಲಾಯಿತು. ಕಾರು ಬಿದ್ದ ಕವಲು ಒಂದು, ನಿಂತ ಕವಲು ಒಂದು. ಎರಡನೇ ವಾದದಲ್ಲಿ ತಾತನ ವಿರೋಧಾಭಾಸ (ಹಿಂದಕ್ಕೆ ಹೋಗಿ ತನ್ನ ಹುಟ್ಟಿನ ಕಾರಣವನ್ನೇ ಅಳಿಸುವ ತೊಡಕು) ಬರುವುದೇ ಇಲ್ಲ, ಯಾಕೆಂದರೆ ಕಾರು ನಿಲ್ಲಿಸಿದವರು ಕಾರು ಬಿದ್ದ ಕವಲಿನ ಮಕ್ಕಳು.

ಆದರೆ ಎರಡನೆಯದನ್ನು ಹಿಡಿದರೆ ಆ ಗಂಟು ಎಲ್ಲೋ ಒಂದು ಕವಲಲ್ಲಿ ಇನ್ನೂ ಸುತ್ತುತ್ತಲೇ ಇರಬೇಕು. ಪರದೆ ಅದಕ್ಕೆ ವಿರುದ್ಧ ತೋರಿಸುತ್ತದೆ: ಯೋನಾಸ್, ಮಾರ್ಥಾ ಬೆಳಕಿನ ಚೂರಾಗಿ ಕರಗುತ್ತಾರೆ, ಆಡಮ್ ಮತ್ತು ಎವಾ ಕೂಡ. ಕೊನೆಯ ಊಟದ ಮೇಜಿನ ಸುತ್ತ ಕೂತವರನ್ನು ಎಣಿಸಿ ನೋಡಿ: ಹಾನ್ನಾ, ಕಟರೀನಾ, ರೆಗಿನಾ, ಪೀಟರ್, ಬೆನ್ನಿ, ವೊಲ್ಲರ್. ಗಂಟಿನ ನೂಲು ಮೈಯಲ್ಲಿ ಇಲ್ಲದವರು ಮಾತ್ರ ಉಳಿದಿದ್ದಾರೆ. ಹಾಗಾಗಿ ನಾನು ಮೊದಲ ವಾದದ ಕಡೆ. ಮೇಲೆ ಹೇಳಿದ ಮೈಟೊಕಾಂಡ್ರಿಯಾ ಲೆಕ್ಕಕ್ಕೂ ಇದು ಕೂಡುತ್ತದೆ. ಪೀಟರ್ ಇದ್ದಾನೆ, ಶಾರ್ಲೊಟ್ಟೆ ಇಲ್ಲ, ಎಲಿಜಬೆತ್ ಇಲ್ಲ. ಟಾನ್‌ಹೌಸ್‌ನ ಮೊಮ್ಮಗಳಿಗೂ ಶಾರ್ಲೊಟ್ಟೆ ಎಂದೇ ಹೆಸರು, ಆದರೆ ಅವಳು ಬೇರೆ. ಹೆಸರು ನೋಡಿ ಒಂದೇ ಪುಟಕ್ಕೆ ಸೇರಿಸಬೇಡಿ.

ಖತಾವಣಿ, ಕಲಬುರಗಿ

ಹಂಗಾದ್ರ ಆ ಕಡೀ ಸಾಲು ಹಿಂಗ ಬರೀರಿ. ಯೋನಾಸ್ ಮತ್ತ ಮಾರ್ಥಾ ಅಂತ ಒಂದೇ ಸಾಲಿನಾಗ ಇಬ್ಬರ ಹೆಸರು. ಹೊರಟದ್ದು 1986, ಮುಟ್ಟಿದ್ದು 1971, ಮಸಿ ಹಸಿರು. ಸಾಧನದ ಕಾಲಂನಾಗ "ಗೋಳ" ಅಂತ ಬರದ್ರ ತಪ್ಪಾಗ್ತದ, ಗೋಳ ಅವರನ್ನ ಬಾಗಿಲ ತನಕ ಅಷ್ಟೇ ಒಯ್ದದ. ಅಲ್ಲಿ "ಯಂತ್ರ ಹಚ್ಚಿದ ಕ್ಷಣ" ಅಂತ ಬರೀರಿ. ಇಬ್ಬರ ಖಾತೆಯನ್ನೂ ಈ ಸಾಲಿನ ಕೆಳಗ ಎರಡು ಗೆರಿ ಎಳದು ಮುಚ್ರಿ.